ಬದಲಿ ಬರೂತನಾ

ಬೈಲಹೊಂಗಲ

ಮದಲ ಹೇಳಿಬಿಡತೇನಿ. ಎತ್ತರದ ಕಟ್ಟಡ, ಬಂಗಾರದ ಅಂಗಡಿ, ಒಂಟಿ ಮ್ಯಾಲೆ ಕುಂತ ಫೋಟೋ ಬೇಕಾದವರು ಇದನ್ನ ಇಲ್ಲೇ ಬಿಟ್ಟು ಬ್ಯಾರೆ ಕೆಲಸ ನೋಡ್ರಿ. ನಾ ಕುವೈತಕ್ಕ ಹೋಗಿದ್ದು ಊರು ನೋಡಾಕಲ್ಲ. ಒಬ್ಬ ಮನಷ್ಯಾನ್ನ ಕುತ್ತಿಗಿ ಹಿಡದು ಮನಿಗೆ ಕರಕೊಂಡು ಬರಾಕ ಹೋಗಿದ್ನಿ.

ಆ ಮನಷ್ಯಾ ಈರಪ್ಪ, ಬೈಲಹೊಂಗಲದಾಂವ. ನಾ ರಾಮದುರ್ಗ ತಾಲೂಕಿನ ಸುರೇಬಾನದಾಂವ. ಇಬ್ಬರೂ ಒಂದ ಪಲ್ಟನ್ನಿನ್ಯಾಗ ಇದ್ವಿ. ನಾ ಹವಾಲ್ದಾರ, ಅಂವ ನನ್ನ ಕೈ ಕೆಳಗಿನ ಸಿಪಾಯಿ. ರಾಜಸ್ಥಾನದ ಉಸುಕಿನ್ಯಾಗ ನಾಲ್ಕು ಬ್ಯಾಸಗಿ ಕೂಡೇ ಕಳದೇವಿ. ರಿಟೈರ್ ಆದ ಮ್ಯಾಲೆ ನಾ ಹೊಲಾ ನೋಡ್ಕೊಂಡು ಕುಂತ್ನಿ. ಅಂವ ಎರಡು ವರ್ಷದ ಹಿಂದ ಕುವೈತಕ್ಕ ವಾಚಮನ್ ಆಗಿ ಹೋದ.

ಈ ಸಲ ಬ್ಯಾಸಗ್ಯಾಗ ಅವನ ಹೆಂಡತಿ ಗಂಗವ್ವ ನನಗ ಫೋನ್ ಮಾಡಿದ್ಲು. ಹೋದ್ನಿ. ಚಾ ಕೊಟ್ಟು ಬಾಗಲಕ್ಕ ಆತು ನಿಂತ್ಲು.

"ಅಣ್ಣಾರ, ಅವರ ಮಾತು ತೊದಲಾಕ ಹತ್ತೈತ್ರಿ. ಫೋನಿನ್ಯಾಗ ಒಂದ ಮಾತು ಮೂರು ಸರತಿ ಕೇಳ್ತಾರ. ಮೊನ್ನಿ ಮಗಳ ಹೆಸರ ನೆಪ್ಪ ಹೋಗಿತ್ತರಿ. ಸಾಕು, ಬಂದುಬಿಡ್ರಿ ಅಂದ್ರ, ಬದಲಿ ಬಂದಿಲ್ಲ, ಬದಲಿ ಬರೂತನಾ ಗೇಟ್ ಹ್ಯಾಂಗ ಬಿಡ್ಲಿ ಅಂತಾರ."

"ಹುಚ್ಚ ಹಿಡದೈತೇನ ಅವಂಗ?"

"ಹಿಡಿಸಿದವರ್ಯಾರ್ರಿ? ನೀವ ಕಳಿಸಿದವರು. ನೀವ ಕರಕೊಂಡು ಬರ್ರಿ."

ಮೈಯೆಲ್ಲಾ ಉರದು ಹೋತು. ಮಿಲ್ಟ್ರ್ಯಾಗ ಸುಬೇದಾರ ಬೈದಾಗ ಸುದ್ದಾ ಇಷ್ಟು ಸಿಟ್ಟು ಬಂದಿದ್ದಿಲ್ಲ. ಯಾಕಂದ್ರ ಆಕಿ ಅಂದಿದ್ದು ಖರೇ ಇತ್ತು.

ಕಿತ್ತೂರು

ಹ್ಯಾಂಗ ಖರೇ ಅಂತ ಹೇಳತೇನಿ, ಕೇಳ್ರಿ. ನಮ್ಮ ಕಡೆ ರಿಟೈರ್ ಆದ ಸೈನಿಕರೆಲ್ಲಾ ಆಗಾಗ ಕಿತ್ತೂರಾಗ ಕೂಡತೇವಿ. ಮಿರ್ಚಿ, ಚುರಮರಿ, ಚಾ, ಆಮ್ಯಾಲೆ ಹಳೇ ಕಥಿ. ಅದರಾಗ ನನ್ನ ಕಥಿ ಒಂದ ಭಾಳ ಜೋರು. ನೂರು ಸರತಿ ಹೇಳಿರಬೇಕು.

ಜೂನ್ ತಿಂಗಳು. ರಾಜಸ್ಥಾನದ ಗಡಿ. ಬಂದೂಕಿನ ನಳಗಿ ಮುಟ್ಟಿದ್ರ ಕೈ ತೊಗಲು ಅದಕ್ಕ ಅಂಟಿಕೊಳ್ಳೂ ಬಿಸಲು. ಬ್ಯಾಳಿಯೊಳಗ ಉಸುಕು, ಹಾಸಿಗ್ಯಾಗ ಉಸುಕು, ಹಲ್ಲಿನ್ಯಾಗ ಉಸುಕು. ಝಳ ಬಡೀಬಾರದಂತ ಎಲ್ಲಾರ ಕಿಸೆದಾಗೂ ಒಂದೊಂದು ಉಳ್ಳಾಗಡ್ಡಿ. ಈರಪ್ಪ ಕಾವಲು ಟಾವರ್ ಮ್ಯಾಲೆ ಸಂತ್ರಿ ಡ್ಯೂಟಿಗೆ ನಿಂತಿದ್ದ. ಮಧ್ಯಾಹ್ನ ಹನ್ನೆರಡಕ್ಕ ಅವನ ಬದಲಿ ಹೋಗಬೇಕಿತ್ತು. ಬದಲಿ ಒಯ್ಯೂ ಗಾಡಿ ಉಸುಕಿನ್ಯಾಗ ಹೂತು ಹೋತು. ಫೋನಿನ ತಂತಿ ಎಲ್ಲೋ ಕಡದಿತ್ತು. ಈರಪ್ಪನ ನೀರಿನ ಚೀಲ ಒಣಗಿ ಹೋತು. ಐದು ತಾಸು ಹಂಗ ನಿಂತ. ಇಳೀಲಿಲ್ಲ, ಕೂಡಲಿಲ್ಲ. ಸಂಜಿ ಮುಂದ ನಾ ಹೋದಾಗ ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಮಾತು ಹೊಂಡವಲ್ದು, ಆದ್ರೂ ಬಂದೂಕು, ದುರ್ಬೀನು ಎಲ್ಲಾ ಎಣಿಸಿ ಒಪ್ಪಿಸಿ, ಆಮ್ಯಾಲೆ ಬಿದ್ದ. ಎಂಟು ದಿನ ದವಾಖಾನಿ. ಸಾಹೇಬ್ರು ಇಡೀ ಕಂಪನಿ ಮುಂದ ನಿಲ್ಲಿಸಿ ಶಾಬಾಸ್ ಅಂದ್ರು.

ಇಷ್ಟು ಹೇಳಿ ನಾ ಮೀಸಿ ತಿರುವಿ ಚಾ ಕುಡಿತಿದ್ನಿ. ಮಂದಿ ಅಬ್ಬಬ್ಬಾ ಅಂತಿದ್ರು. ಈರಪ್ಪ ಬಾಗಲ ಹತ್ರ ನಿಂತು ತನ್ನ ಚಾದ ಗ್ಲಾಸ್ ನೋಡ್ಕೊಂತ ನಗತಿದ್ದ. ಖುರ್ಚಿ ಖಾಲಿ ಇದ್ರೂ ನಿಂದರೂದು ಅವನ ಚಾಳಿ. "ಈರಪ್ಪಗ ಇನ್ನೂ ಬದಲಿ ಬಂದಿಲ್ರೆಪಾ" ಅಂತ ನಾವೆಲ್ಲಾ ಚ್ಯಾಷ್ಟಿ ಮಾಡ್ತಿದ್ವಿ.

ಎರಡು ವರ್ಷದ ಹಿಂದ ಆ ಕೂಟಕ್ಕ ಒಬ್ಬ ಏಜೆಂಟ್ ಬಂದಿದ್ದ. ಪರದೇಶದಾಗ ಗೋದಾಮು ಕಾಯಾಕ ಶಿಸ್ತಿನ ಮಂದಿ ಹುಡುಕ್ತಿದ್ದ. ನನ್ನ ಕಥಿ ಕೇಳಿ ತೊಡಿ ಬಡಕೊಂಡ. "ಇಂಥಾ ಮನಷ್ಯಾನ ಬೇಕ್ರಿ ನಮಗ!" ಅಂದ. ನಾನ ಈರಪ್ಪನ ಬೆನ್ನು ಚಪ್ಪರಿಸಿ, "ಹೋಗಲೇ, ಪಲ್ಟನ್ ಹೆಸರು ತಗೊಂಡು ಬಾ" ಅಂದ್ನಿ. ಎರಡು ತಿಂಗಳದಾಗ ಹೋದ.

ವಿಮಾನ ಇಳದ ದಿನ

ನನ್ನ ಅಕ್ಕನ ಮಗ ಬಸು ಕುವೈತದಾಗ ಏಸಿ ರಿಪೇರಿ ಮಾಡ್ತಾನ. ಹತ್ತು ವರ್ಷದಿಂದ "ಮಾಮಾ, ಒಮ್ಮೆ ಬಾ" ಅಂತ ಕರದ್ರೂ ನಾ ಹೋಗಿದ್ದಿಲ್ಲ. ಈ ಸಲ ನಾನ ಕೇಳಿದ್ನಿ. ವಾರದೊಳಗ ವೀಸಾ ಕಳಿಸಿದ.

ಹೊಂಟಾಗ ಮಿಲ್ಟ್ರಿಯ ನನ್ನ ಹಳೇ ಕ್ಯಾನವಾಸ್ ನೀರಿನ ಚೀಲ ತಗೊಂಡು ಹೊಂಟ್ನಿ. ಗಾಳಿಗೆ ತೂಗಹಾಕಿದ್ರ ನೀರು ಗಡಿಗಿ ನೀರಿನಂಗ ತಣ್ಣಗ ಇರ್ತಾವು. ಮುಂಬೈ ವಿಮಾನ ನಿಲ್ದಾಣದಾಗ ಪೊಲೀಸಪ್ಪ ಅದನ್ನ ಎತ್ತಿ ಹಿಡದು, "ಇದೇನು ಕಾಕಾ?" ಅಂದ. ನೀರು ಅಂದ್ನಿ. ಚೆಲ್ರಿ ಅಂದ. ಸುರೇಬಾನದ ನಮ್ಮ ಬಾವಿ ನೀರು! ನನ್ನ ಕೈಯಾರ ಚೆಲ್ಲಿದ್ನಿ. ಅಲ್ಲಿಂದ ಶುರು ಆತು ನೋಡ್ರಿ ನನ್ನ ಸಿಟ್ಟು, ಊರಿಗೆ ತಿರುಗಿ ಬರೂತನಾ ಇಳೀಲಿಲ್ಲ.

ಕುವೈತದಾಗ ಸುಂಕದಾಂವ ನನ್ನ ಶೇಂಗಾ ಚಟ್ನಿ ಡಬ್ಬಿ ತಗದ. ಪುಡಿ ನೋಡಿ ಸಂಶೇ ಬಂತು ಅವಂಗ. ನಾ ಒಂದು ಚಿಮಟಿ ಬಾಯಾಗ ಹಾಕ್ಕೊಂಡು ತೋರಿಸಿದ್ನಿ. ಅಂವನೂ ಹಾಕ್ಕೊಂಡ. ಕಣ್ಣಾಗ ನೀರು ಬಂತು, ಆದ್ರೂ ಇನ್ನೊಂದು ಚಿಮಟಿ ತಗೊಂಡ. ಆಮ್ಯಾಲೆ ಎದಿ ಮ್ಯಾಲೆ ಕೈ ಇಟ್ಟು ಹೋಗು ಅಂದ. ಒಳ್ಳೆ ಮನಷ್ಯಾ, ಅವನ ಮ್ಯಾಲೆ ಸಿಟ್ಟಿಲ್ಲ.

ಹೊರಗ ಕಾಲಿಟ್ನಿ. ಅಯ್ಯ ಶಿವನ! ನಮ್ಮ ರಾಮದುರ್ಗದ ಮೇ ತಿಂಗಳು ಇದರ ಮುಂದ ದೀಪಾವಳಿ. ಗಾಳಿ ಬೀಸಿದ್ರ ಬ್ಯಾರೆ ಕಡೆ ಹಾಯ್ ಅನಸತೈತಿ, ಇಲ್ಲಿ ಗಾಳಿ ಬೀಸಿದ್ರ ಮಾರಿ ಸುಡತೈತಿ. ಬಸು ಕಾರ್ ತಂದಿದ್ದ. ದಾರಿಗುಂಟ ನೋಡಿದ್ನಿ, ಊರ ಮಂದಿ ಯಾರೂ ಹೊರಗಿಲ್ಲ. ತಣ್ಣನ ಮನಿಯಿಂದ ತಣ್ಣನ ಕಾರಿಗೆ, ಅಲ್ಲಿಂದ ತಣ್ಣನ ಅಂಗಡಿಗೆ. ಬಿಸಲಾಗ ಇದ್ದವರು ಯಾರಂದ್ರ ರಸ್ತೆ ಅಗಿಯವರು, ಕಸ ಬಳಿಯವರು, ಗೇಟ್ ಕಾಯವರು. ಎಲ್ಲಾ ನಮ್ಮಂಥವರ.

ಮಿಲ್ಟ್ರ್ಯಾಗ ಹಿಂಗ ಇದ್ದಿಲ್ರಿ. ಬಿಸಲು ಎಲ್ಲಾರಿಗೂ ಒಂದ. ಸಾಹೇಬನ ಮೂಗಿನ ತೊಗಲೂ ಸುಲೀತಿತ್ತು, ನನ್ನದೂ ಸುಲೀತಿತ್ತು. ಅದಕ್ಕ ಅಂವ ನಿಂದ್ರು ಅಂದ್ರ ನಿಂದರಾಕ ಮನಸ್ಸು ಬರ್ತಿತ್ತು.

ಗೇಟಿನ ಮುಂದ

ಮರುದಿನ ಹನ್ನೆರಡರ ಸುಮಾರ ಬಸು ನನ್ನ ಆ ಗೋದಾಮಿಗೆ ಕರಕೊಂಡು ಹೋದ. ಊರ ಹೊರಗ, ಸುತ್ತ ಬಯಲು. ದೊಡ್ಡ ಕಬ್ಬಿಣದ ಗೇಟು, ಬಾಜೂಕ ತಗಡಿನ ಕ್ಯಾಬಿನ್ನು. ಕ್ಯಾಬಿನ್ನಿನ ನೆಳ್ಳು ಒಂದು ಗೇಣು ಅಗಲ ಇತ್ತು. ಆ ಗೇಣು ನೆಳ್ಳಾಗ ಬೆನ್ನು ಹಚ್ಚಿ ಈರಪ್ಪ ನಿಂತಿದ್ದ.

ನನಗ ಗುರುತ ಹತ್ತಲಿಲ್ಲ. ಹೋದಾಗ ಎತ್ತಿನಂಥಾ ಆಳು. ಈಗ ಅಂಗಿಯೊಳಗ ಮನಷ್ಯಾನ್ನ ಹುಡುಕಬೇಕು. ನನ್ನ ನೋಡಿ ಹಿಮ್ಮಡಿ ಕೂಡಿಸಿ ಸಲಾಮ್ ಹೊಡದ.

"ರಾಮ್ ರಾಮ್ ಸಾಹೇಬ್ರ. ಯಾವಾಗ ಬಂದ್ರಿ?"

"ನಿನ್ನಿ ಬಂದೇನಿ. ಒಳಗ ಯಾಕ ಕುಂತಿಲ್ಲಲೇ?"

"ಏಸಿ ಕೆಟ್ಟೈತ್ರಿ. ಒಳಗ ಕುಂತ್ರ ಬೆಂದು ಹೋಗತೇನಿ. ಹೊರಗ ಅಡ್ಡಿಲ್ಲ." ಗೇಟಿನ ಕಡೆ ಒಮ್ಮೆ ನೋಡಿ ತಿರುಗಿದ. "ಯಾವಾಗ ಬಂದ್ರಿ ಸಾಹೇಬ್ರ?"

ಗಂಗವ್ವ ಹೇಳಿದ್ದು ಇದನ್ನ.

ಬಸು ಕ್ಯಾಬಿನ್ನಿನ ಹಿಂದ ಹೋಗಿ ಏಸಿ ನೋಡಿ ಬಂದ. ಸಿಟ್ಟಿಲೆ ಅವನ ಮಾರಿಯೂ ಕೆಂಪಾಗಿತ್ತು. "ಮಾಮಾ, ಒಂದ ಸಾಮಾನು ಹೋಗೇತಿ. ಅರ್ಧಾ ತಾಸಿನ ಕೆಲಸ. ಮಧ್ಯಾಹ್ನ ಬಯಲಾಗ ಯಾರನ್ನೂ ನಿಂದರಸಬಾರದಂತ ಇಲ್ಲಿ ಸರಕಾರದ ಕಾನೂನ ಐತಿ."

"ಎಷ್ಟು ದಿನ ಆತಲೇ ಇದು ಕೆಟ್ಟು?" ಅಂದ್ನಿ.

"ಇಪ್ಪತ್ತು ದಿನ ಆಗಿರಬೇಕ್ರಿ. ಸೂಪರ್‌ವೈಸರ್ ಸಾಹೇಬ್ರಿಗೆ ಹೇಳೇನಿ. ಕೈ ಹಚ್ಚಬ್ಯಾಡ, ನಮ್ಮ ಮಂದೀನ ಬರ್ತಾರ ಅಂದಾರ. ಮಧ್ಯಾಹ್ನದ ಪಾಳಿಗೆ ಇನ್ನೊಬ್ಬಾಂವ ಇದ್ದ, ಆರಾಮ ಇಲ್ದ ಊರಿಗೆ ಹೋದ. ಬದಲಿ ಕಳಸತೇನಿ ಅಂದಾರ."

"ಅಂದ್ರ ಎರಡೂ ಪಾಳಿ ನೀನ?"

"ಬದಲಿ ಬರೂತನಾ ಅಷ್ಟ ರಿ."

ರಸ್ತೆ ಆಚಿ ಕಡೆ ಒಂದು ಮನಿ ಇತ್ತು. ಅದರ ಕಂಪೌಂಡಿಗೆ ಹೊರಮುಖ ಮಾಡಿ ನೀರಿನ ತಣ್ಣನ ಪೆಟ್ಟಿಗಿ ಕೂಡಿಸಿದ್ರು, ನಲ್ಲಿ ಇತ್ತು, ಸರಪಳಿಗೆ ಕಟ್ಟಿದ ಲೋಟ ಇತ್ತು. ಹಾದಿ ಹಿಡದು ಹೋಗವರು ಯಾರರ ಕುಡೀಲಿ ಅಂತ ಇಲ್ಲಿ ಮಂದಿ ಹಂಗ ಇಡ್ತಾರಂತ. ಸವದತ್ತಿ ಗುಡ್ಡದ ಹಾದ್ಯಾಗ ಬ್ಯಾಸಗಿಗೆ ಅರವಟ್ಟಿಗಿ ಇಡ್ತಾರಲ್ಲ, ಅದ ಪುಣ್ಯದ ಲೆಕ್ಕ. ನನಗ ಸಂತೋಷ ಆತು. "ಅಲ್ಲಿ ನೀರ ಐತಲ್ಲೋ, ಕುಡದು ಬಾ" ಅಂದ್ನಿ.

"ಅದು ಗೇಟಿನಿಂದ ಮೂವತ್ತು ಹೆಜ್ಜಿ ರಿ."

"ಮೂವತ್ತು ಹೆಜ್ಜಿ ಹೋದ್ರ ಏನಾಕ್ಕೈತಿ?"

"ಪೋಸ್ಟ್ ಬಿಟ್ಟಂಗ ಆಗತೈತಲ್ರಿ."

ಅಷ್ಟರಾಗ ಆ ಮನ್ಯಾಗಿಂದ ಉದ್ದನ ಬಿಳಿ ಅಂಗಿಯ ಮುದುಕ ಹೊರಗ ಬಂದ. ಕೋಲೂರಿಕೊಂತ, ಆ ಬಿಸಲಾಗ, ಒಂದು ಬಾಟ್ಲಿ ನೀರು ಹಿಡಕೊಂಡು ರಸ್ತೆ ದಾಟಿದ. ಈರಪ್ಪನ ಕೈಯಾಗ ಬಾಟ್ಲಿ ಕೊಟ್ಟ, ನನ್ನ ಕಡೆ ನೋಡಿ ಏನೋ ಬೈದ. ಬಸು ಕನ್ನಡದಾಗ ಹೇಳಿದ: "ದಿನಾ ಇಂವ ದಾಟೂದಿಲ್ಲ, ಅದಕ್ಕ ದಿನಾ ನಾ ದಾಟತೇನಿ. ನೀವು ಇವನ ಕಡಿಯವರಾದ್ರ ನಾಚಿಕಿ ಬರೂದಿಲ್ಲೇನು ಅಂತಾನ ಮಾಮಾ."

ಪರದೇಶದ ಮುದುಕನ ಕಡಿಂದ ಬೈಸಿಕೊಂಡ್ನಿ. ಅದೂ ಖರೇ ಮಾತು.

ಬದಲಿ

ಈರಪ್ಪ ನೀರು ಕುಡದ. ಅರ್ಧಾ ಗದ್ದದ ಮ್ಯಾಲೆ ಸುರಕೊಂಡ. ಕಿಸೆದಿಂದ ಏನೋ ತಗದು ಮೂಸಿ ನೋಡಿ ಮತ್ತ ಒಳಗ ಇಟ್ಕೊಂಡ. ಉಳ್ಳಾಗಡ್ಡಿ. ರಾಜಸ್ಥಾನದಾಗ ನಾ ಕಲಿಸಿದ್ದು.

"ಹೊಂಡು" ಅಂದ್ನಿ. "ಹಾಳಾಗಿ ಹೋಗಲಿ ಈ ಗೇಟು. ಕಾರಿನ್ಯಾಗ ಕುಂದ್ರು."

"ಬದಲಿ ಬಂದಿಲ್ರಿ."

"ಬದಲಿ ಬರೂದಿಲ್ಲೋ! ನಿನ್ನ ಹಂಗ ನಿಂದರಾಂವ ಸಿಕ್ಕ ಮ್ಯಾಲೆ ಅವರ ಯಾಕ ಕಳಸ್ತಾರ ಬದಲೀನ?"

"ನೀವ ಕಲಿಸಿದ್ದಲ್ರಿ ಸಾಹೇಬ್ರ. ಬದಲಿ ಬರೂತನಾ ಸಂತ್ರಿ ಅಳ್ಳಾಡಬಾರದು. ಆವತ್ತ ಐದು ತಾಸು ನಿಂತೆ, ಬದಲಿ ಬಂತು. ಇವತ್ತೂ ಬರತೈತಿ."

ಇಪ್ಪತ್ತೈದು ವರ್ಷ ನುಂಗಿ ಇಟ್ಟಿದ್ದ ಮಾತು ಬಾಯಿಗೆ ಬಂತು.

"ಈರಪ್ಪಾ, ಆವತ್ತ ಗಾಡಿ ಉಸುಕಿನ್ಯಾಗ ಸಿಕ್ಕಿದ್ದಿಲ್ಲೋ."

ಅಂವ ನನ್ನ ನೋಡಿದ.

"ನಿನ್ನ ಬದಲಿ ಹೋಗೂ ಜವಾನ ಮುಂಜಾನೆ ರಜಾ ಹೋಗಿದ್ದ. ಅವನ ಜಾಗಾಕ್ಕ ಬ್ಯಾರೆ ಹೆಸರು ಬರಿಯೂದು ನನ್ನ ಕೆಲಸ. ಮರತ್ನಿ. ಆವತ್ತ ಐತವಾರ. ಅಡಗಿಮನ್ಯಾಗ ಮಟನ್ ಇತ್ತು. ಹೊಟ್ಟಿತುಂಬ ಉಂಡು ಗಾಡಿ ನೆಳ್ಳಾಗ ಮಲಗಿದ್ನಿ. ಎಚ್ಚರ ಆದಾಗ ಹೊತ್ತು ಇಳದಿತ್ತು. ನನ್ನ ತೋಳಿನ ಹವಾಲ್ದಾರ ಪಟ್ಟಿ ಕಿತ್ತಾರು ಅಂತ ಅಂಜಿ ಸಾಹೇಬ್ರ ಮುಂದ ಸುಳ್ಳ ಹೇಳಿದ್ನಿ. ಅದ ಸುಳ್ಳನ್ನ ಇವತ್ತಿನತನಾ ಹೇಳ್ಕೊಂತ ಬಂದೇನಿ."

ಈರಪ್ಪ ಮಾರಿ ಮ್ಯಾಲಿನ ಬೆವರು ಒರಸಿಕೊಂಡು ಆರಾಮ ಹೇಳಿದ. ಆ ಹೊತ್ತಿಗೆ ಅವನ ಮಾತು ತೊದಲಲಿಲ್ಲ.

"ನನಗ ಗೊತ್ತಿತ್ರಿ."

"ಏನ್ ಗೊತ್ತಿತ್ತು?"

"ಟಾವರ್ ಮ್ಯಾಲಿಂದ ದುರ್ಬೀನಿನ್ಯಾಗ ಅಡಗಿಮನಿ ತಂಬು ಕಾಣ್ತಿತ್ತಲ್ರಿ. ಗಾಡಿ ಅಲ್ಲೇ ನಿಂತಿತ್ತು. ಹನ್ನೆರಡರಿಂದ ಅದನ್ನ ನೋಡ್ಕೊಂತ ನಿಂತಿದ್ದೆ. ಈಗ ಹೊಂಡತೈತಿ, ಈಗ ಹೊಂಡತೈತಿ ಅಂತ."

"ಮತ್ತ ಯಾಕ ಯಾರ ಮುಂದೂ ಅನ್ನಲಿಲ್ಲಲೇ, ಭಾಡ್ಯಾ?"

"ಹ್ಯಾಂಗ ಅನ್ಲಿ? ನೀವು ನಿಮ್ಮ ಮರ್ಯಾದಿ ಉಳಿಸ್ಕೊಂಡ್ರಿ, ನನಗ ಶಾಬಾಸ್ ಸಿಕ್ತು. ನಿಂತದ್ದಕ್ಕ ಶಾಬಾಸ್ ಸಿಕ್ಕ ಮ್ಯಾಲೆ ಮನಷ್ಯಾಗ ಕುಂದರಾಕ ಬರತೈತೇನ್ರಿ?"

ನಾ ಅತ್ನಿ. ಸುಳ್ಳ ಯಾಕ ಹೇಳ್ಲಿ, ಆ ರಸ್ತೆ ಮ್ಯಾಲೆ ನಿಂತು ಅತ್ನಿ. ಅತ್ತ ಮ್ಯಾಲೆ ಸಿಟ್ಟು ಇಮ್ಮಡಿ ಆತು. ಸೂಪರ್‌ವೈಸರ್ ಮ್ಯಾಲೆ, ಏಜೆಂಟ್ ಮ್ಯಾಲೆ, ಈರಪ್ಪನ ಮ್ಯಾಲೆ. ಎಲ್ಲಾರಕ್ಕಿಂತ ಹೆಚ್ಚು, ಮೀಸಿ ತಿರುವಿ ಕಥಿ ಹೇಳಿದ ಆ ಮಂಗ್ಯಾನ ಮ್ಯಾಲೆ.

ಕಣ್ಣು ಒರಸಿಕೊಂಡ್ನಿ. ಪಟಗಾ ಬಿಗಿಯಾಗಿ ಸುತ್ತಿದ್ನಿ. ಅವನ ಎದುರು ಹಿಮ್ಮಡಿ ಕೂಡಿಸಿ ಸಾವಧಾನ ನಿಂತು, ಪಲ್ಟನ್ನಿನ ದನಿಯಾಗ ಒದರಿದ್ನಿ:

"ಸಂತ್ರಿ! ಬದಲಿ ಬಂದೇನಿ. ಚಾರ್ಜ್ ಕೊಡು!"

ಅಂವ ಒಪ್ಪತಾನಂತ ನನಗೂ ಗ್ಯಾರಂಟಿ ಇದ್ದಿಲ್ಲ. ಆದ್ರ ಆ ಮಾತಿಗೆ ಅವನ ಮೈ ನೆಟ್ಟಗಾತು.

"ಗೇಟ್ ಒಂದು. ಕೀಲಿಕೈ ನಾಲ್ಕು. ಬರಿಯೂ ಪುಸ್ತಕ ಒಂದು. ಪೆನ್ನು ಒಂದು. ಬ್ಯಾಟರಿ ಒಂದು. ಕೆಟ್ಟ ಏಸಿ ಒಂದು." ಉಸರು ತಗೊಂಡ. "ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ."

"ಬರೋಬ್ಬರಿ. ನಡಿ."

ಒಂದ, ಎರಡ, ಮೂರು ಹೆಜ್ಜಿ ಇಟ್ಟ, ಕಾಲು ಮಡಚಿದುವು. ಬಸು ಹಿಡಕೊಂಡ, ಕಾರಿನ್ಯಾಗ ಮಲಗಿಸಿ ಸೀದಾ ದವಾಖಾನಿಗೆ ಒಯ್ದ.

ನಾ ನಿಂತ್ನಿ.

ಅರವತ್ತು ಸಮೀಪಿಸಿದ ಮುದುಕ, ಪರದೇಶದಾಗ, ಯಾರದೋ ಗೋದಾಮಿನ ಗೇಟ್ ಕಾಯಾಕ ಹತ್ತೇನಿ! ಮನಿಯಾಕಿಗೆ ಗೊತ್ತಾಗಿದ್ರ ಲಟ್ಟಣಗಿ ತಗೊಂಡು ಬರ್ತಿದ್ಲು. ಹತ್ತು ನಿಮಿಷಕ್ಕ ಅಂಗಿ ತೊಯ್ತು, ಇನ್ನೊಂದು ಹತ್ತು ನಿಮಿಷಕ್ಕ ಅದೂ ಒಣಗಿ ಉಪ್ಪಾತು. ನಾಲಗಿ ಅಂಗುಳಕ್ಕ ಅಂಟಿತು. ಆ ಬಿಳಿ ಅಂಗಿ ಮುದುಕ ಕಿಡಕಿಯಿಂದ ನೋಡಿದ, ಗೇಟಿನ್ಯಾಗ ಬ್ಯಾರೆ ಮನಷ್ಯಾ ನಿಂತಾನ. ಮತ್ತ ರಸ್ತೆ ದಾಟಿ ಬಂದ, ಈ ಸಲ ನೀರಿನ ಜೋಡಿ ಛತ್ರಿನೂ ತಂದ. ನನ್ನ ಭುಜ ತಟ್ಟಿದ. ಬೈಲಿಲ್ಲ.

ಐದು ತಾಸು ನಿಂದರಬೇಕಂತ ಮನಸಿನ್ಯಾಗ ಹಾಕ್ಕೊಂಡಿದ್ನಿ. ಎರಡು ತಾಸಿಗೇ ಕಣ್ಣು ಕತ್ತಲಿಡಾಕ ಹತ್ತಿದುವು. ಆವಾಗ ತಿಳೀತು ನನಗ, ಐದು ತಾಸು ಅಂದ್ರ ಎಷ್ಟು ಅಂತ.

ಸೂಪರ್‌ವೈಸರ್ ಬರ್ತಾನ ಅಂತ ಗೊತ್ತಿತ್ತು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬಂತು ಕಾರು. ಕಿಡಕಿ ಕಾಜು ಮೂರು ಬೆರಳಷ್ಟು ಇಳೀತು. ಒಳಗಿಂದ ತಣ್ಣನ ಗಾಳಿ, ಸೆಂಟಿನ ವಾಸನಿ. ನಮ್ಮ ದೇಶದವನ, ಹಿಂದಿಯೊಳಗ ಕೇಳಿದ: "ಯಾರು ನೀನು? ಅವನೆಲ್ಲಿ?"

"ಅವನ ಬದಲಿ ನಾನು. ಗಾಡಿ ಆರಿಸ್ರಿ. ಕೆಳಗ ಇಳದು ಪುಸ್ತಕದಾಗ ಸಹಿ ಮಾಡ್ರಿ."

"ಹುಚ್ಚ ಮುದುಕಾ, ನಾನು ಸೂಪರ್‌ವೈಸರ್."

"ಯಾರರ ಆಗ್ರಿ. ಗುರುತಿನ ಚೀಟಿ ತೋರಸದ ಗೇಟ್ ತಗಿಯಾಂವಲ್ಲ."

ಹಾರನ್ ಬಾರಿಸಿದ. ನಾ ಗೇಟಿಗೆ ಬೆನ್ನು ಕೊಟ್ಟು ನಿಂತ್ನಿ. ಕಡೀಕ ಇಳದ. ಚೀಟಿ ಇಸಕೊಂಡು ಮುಂದ ನೋಡಿದ್ನಿ, ಹಿಂದ ನೋಡಿದ್ನಿ. ಚಾಳೀಸ ಹುಡುಕಿದ್ನಿ, ಒರಸಿದ್ನಿ, ಹಾಕ್ಕೊಂಡ್ನಿ. ಹೆಸರು ಒಂದೊಂದ ಅಕ್ಷರ ಬರದ್ನಿ. ಪೆನ್ನು ನಿಂತಂಗ ಮಾಡಿ ಝಾಡಿಸಿದ್ನಿ. ಛತ್ರಿ ನನ್ನ ತಲಿ ಮ್ಯಾಲಿತ್ತು, ಅವಂಗ ಕೊಡಲಿಲ್ಲ. ಹತ್ತು ನಿಮಿಷಕ್ಕ ಅವನ ಮಾರಿ ಸುಟ್ಟ ಬದನಿಕಾಯಿ ಆತು. "ಸಾಯ್ತೀನಿ, ಬೇಗ ಮುಗಿಸು" ಅಂದ.

"ಸಾಯಾಂವಲ್ಲ ನೀ, ಹತ್ತ ನಿಮಿಷ ಆಗೈತಿ. ಈರಪ್ಪ ಇಪ್ಪತ್ತು ದಿನ ನಿಂತಾನ ಇಲ್ಲಿ. ನೀವು ಇಸಕೊಂಡಿಟ್ಟ ಅವನ ಪಾಸ್‌ಪೋರ್ಟ್ ಎಲ್ಲಿ ಐತಿ, ಅದನ್ನ ಮದಲ ಹೇಳು."

ಅಷ್ಟರಾಗ ಬಸು ತಿರುಗಿ ಬಂದ. ದವಾಖಾನಿ ಕಾಗದ ಅವನ ಕೈಯಾಗಿತ್ತು. ಮೈಯಾಗಿನ ನೀರು, ಉಪ್ಪು ಬತ್ತಿ ತಲಿಗೆ ಹತ್ತೈತಿ, ಇನ್ನೊಂದು ವಾರ ಹಿಂಗ ನಿಂತಿದ್ರ ಉಳೀತಿದ್ದಿಲ್ಲ ಅಂತ ಡಾಕ್ಟರ್ ಅಂದಿದ್ರು. ಆ ಕಾಗದ, ಮಧ್ಯಾಹ್ನದ ಕಾನೂನು, ಸರಕಾರಕ್ಕ ಕೊಡೂ ದೂರು, ಮೂರೂ ಮಾತು ಬಸು, ಬಿಳಿ ಅಂಗಿ ಮುದುಕಗೂ ತಿಳೀಲಿ ಅಂತ, ಅರಬ್ಬಿಯೊಳಗ ಹೇಳಿದ. ಹಾರನ್ ಕೇಳಿ ಹೊರಗ ಬಂದಿದ್ದ ಆ ಮುದುಕ ಬಾಜೂಕ ನಿಂತು ಹೂಂಗುಟ್ಟಿದ. ಸೂಪರ್‌ವೈಸರ್ ಫೋನ್ ಹಚ್ಚಿ, ಸಂಜಿಯೊಳಗ ಗೇಟಿಗೆ ಬ್ಯಾರೆ ಆಳು ಕರಸಿದ. ನಾಲ್ಕನೇ ದಿನ ಪಾಸ್‌ಪೋರ್ಟ್ ಕೈಗೆ ಬಂತು.

ಮತ್ತ ಕಿತ್ತೂರು

ಈರಪ್ಪ ಎಂಟು ದಿನ ಅಲ್ಲಿ ದವಾಖಾನ್ಯಾಗ ಇದ್ದ, ಆಮ್ಯಾಲೆ ಇಬ್ಬರೂ ಕೂಡೇ ಬಂದ್ವಿ. ಬೈಲಹೊಂಗಲದಾಗ ಗಂಗವ್ವ ನನ್ನ ಕೂಡ ಮಾತಾಡ್ಲಿಲ್ಲ. ಅವನ ಕೈ ಹಿಡಕೊಂಡು ಒಳಗ ಒಯ್ದ್ಲು. ಸ್ವಲ್ಪ ಹೊತ್ತಿಗೆ ಹೊರಗ ಬಂದು ನನಗೊಂದು ತಂಬಿಗಿ ನೀರು ಕೊಟ್ಲು, ಅಷ್ಟ. ಮಳಿ ಶುರುವಾದ ಮ್ಯಾಲೆ ಮಾತು ತೊದಲೂದು ನಿಂತೈತಿ ಅಂತ ಫೋನ್ ಮಾಡಿ ಹೇಳಿದ್ಲು.

ಕಳದ ತಿಂಗಳು ಕಿತ್ತೂರಾಗ ಕೂಡಿದ್ವಿ. ಮಿರ್ಚಿ ಬಂದುವು. ಹೊಸದಾಗಿ ರಿಟೈರ್ ಆಗಿ ಬಂದ ನಾಲ್ಕು ಮಂದಿ ಇದ್ರು. ಯಾರೋ ಅಂದ್ರು, "ಹವಾಲ್ದಾರ್ರ, ಆ ಟಾವರ್ ಕಥಿ ಹೇಳ್ರಿ ಇವರಿಗೆ."

ಇವತ್ತ ಬ್ಯಾಡ್ರೆಪಾ ಅಂದ್ನಿ. ಚಾ ತಣ್ಣಗಾಗತೈತಿ ಅಂದ್ನಿ. ಈರಪ್ಪ ಬಾಗಲದಾಗ ನಿಂತಿದ್ದ, ಯಾವಾಗಿನಂಗ. ಕೈಯಾಗ ಗ್ಲಾಸು.

"ಹೇಳ್ರಿ ಸಾಹೇಬ್ರ" ಅಂದ ಅಂವ. "ಆವತ್ತ ಗಾಡಿ ಎಲ್ಲಿತ್ತು?"

ನಲವತ್ತು ಕಣ್ಣು ನನ್ನ ಮ್ಯಾಲೆ. ಸಿಟ್ಟು ನೆತ್ತಿಗೇರಿತು ನನಗ. ಇದ್ದ ಮರ್ಯಾದಿ ಇವರ ಮುಂದ, ಈ ಮಿರ್ಚಿ ತಾಟಿನ ಮುಂದ, ಹಿಂಗ ಕಳೀತಾನಲ್ಲಾ ಇಂವ ಅಂತ. ಬಾಯಿ ತನಾ ಬೈಗಳ ಬಂತು. ನುಂಗಿದ್ನಿ.

"ಅಡಗಿಮನಿ ಮುಂದ ನಿಂತಿತ್ತು" ಅಂದ್ನಿ. "ಉಸುಕಿನ್ಯಾಗ ಸಿಕ್ಕಿದ್ದಿಲ್ಲ. ಅದರ ನೆಳ್ಳಾಗ ನಾ ಮಟನ್ ಉಂಡು ಮಲಗಿದ್ನಿ."

ಈರಪ್ಪ ಗ್ಲಾಸ್ ಕೆಳಗಿಟ್ಟ, ಬಾಗಲ ಬಾಜೂಕಿನ ಖುರ್ಚಿ ಎಳಕೊಂಡು ಕುಂತ.